ವಿಜಯಪುರದಲ್ಲಿ ಪ್ಲಾಟ್ ತಗೋಬೇಕು, ಆಧಾರ್ ಇಲ್ಲ, ಪಾಸ್‌ಪೋರ್ಟ್ ಇದೆ. ರಿಜಿಸ್ಟ್ರಿ ಆಗುತ್ತಾ?

ದೋಹಾದ ವಿಜಯಪುರದವ

ಎಲ್ಲರಿಗೂ ನಮಸ್ಕಾರ್ರೀ. ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. 2011ರಿಂದ ದೋಹಾದಲ್ಲಿದ್ದೇನೆ. ಊರು ಬಿಟ್ಟಾಗ ನಮ್ಮ ಓಣಿಗೆ ಆಧಾರ್ ಇನ್ನೂ ಬಂದಿರಲಿಲ್ಲ. ಆಮೇಲೆ ರಜೆಗೆ ಬಂದಾಗಲೆಲ್ಲ ಒಂದು ಮದುವೆ, ಒಂದು ಕುಬಸ, ಒಂದು ಆಸ್ಪತ್ರೆ. ಆಧಾರ್ ಮಾಡಿಸೋದು ಹಾಗೇ ಉಳಿದುಹೋಯಿತು.

ವಿಷಯ ಏನಂದ್ರೆ, ನಮ್ಮ ಕಾಕಾ ಅಥಣಿ ರಸ್ತೆ ಕಡೆ ಒಂದು ಪ್ಲಾಟ್ ನೋಡಿದ್ದಾರೆ. ಜಾಗ ದೊಡ್ಡದು, ರೇಟೂ ಕೈಗೆಟುಕುವಂತಿದೆ. 2 ಲಕ್ಷ ಸಂಚಕಾರನೂ ಕೊಟ್ಟುಬಿಟ್ಟಿದ್ದಾರೆ. ಖರೀದಿ ಪತ್ರ ಬರೆಸೋಕೆ ಹೋದರೆ ಬಾಂಡ್ ರೈಟರ್ "ಹುಡುಗನ ಆಧಾರ್ ತರ್ರಿ, ಇಲ್ಲಾಂದ್ರ ರಿಜಿಸ್ಟ್ರಿ ಆಗೂದಿಲ್ಲ" ಅಂದರಂತೆ.

ನನ್ನ ಹತ್ತಿರ ಇರೋದು ಭಾರತದ ಪಾಸ್‌ಪೋರ್ಟ್, ಪ್ಯಾನ್, ಕತಾರ್ ಐಡಿ, ಮತ್ತೆ 2008ರ ಒಂದು ವೋಟರ್ ಕಾರ್ಡ್. ಆ ವೋಟರ್ ಕಾರ್ಡಿನ ಫೋಟೊ ನೋಡಿದರೆ ನನ್ನ ಹೆಂಡತಿಯೂ ಇದು ನಾನು ಅಂತ ಒಪ್ಪುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬಿಜಾಪುರ ಅಂತಿದೆ. ಪ್ಯಾನ್‌ನಲ್ಲಿ ನನ್ನ ಹೆಸರಿನ ನಡುವೆ ಅಪ್ಪನ ಹೆಸರು ಬಂದಿದೆ, ಪಾಸ್‌ಪೋರ್ಟಿನಲ್ಲಿ ಬಂದಿಲ್ಲ.

ಮುಂದಿನ ತಿಂಗಳು 18 ದಿನ ರಜೆ. ಕಾಕಾ ಮಾತ್ರ "ನೀ ಬರೂದ ಬ್ಯಾಡ, ವಟಮುಖತ್ಯಾರ ಪತ್ರ ಕಳಸು, ನಾ ಎಲ್ಲಾ ಮುಗಸ್ತೀನಿ" ಅನ್ನುತ್ತಾರೆ (ವಟಮುಖತ್ಯಾರ ಅಂದರೆ ಪವರ್ ಆಫ್ ಅಟಾರ್ನಿ). ಆಧಾರ್ ಇಲ್ಲದೆ ಆಗುತ್ತೋ ಇಲ್ಲವೋ? ಸ್ವಂತ ಮಾಡಿಸಿಕೊಂಡವರು ಹೇಳಿ.

ಶಹಾಪುರ ಗಲ್ಲಿ

ಆಧಾರ್ ಬೇಕೇ ಬೇಕು. ನಮ್ಮ ತಮ್ಮನನ್ನ ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದ್ದರು.

ನಿವೃತ್ತ ತಲಾಟಿ

ಸರ್ವೆ ನಂಬರ್ ಎಷ್ಟು? ಎನ್.ಎ. (ಕೃಷಿಯೇತರ) ಆಗಿದೆಯಾ? ಉತಾರ (ಪಹಣಿ) ನೋಡಿದ್ದೀಯಾ ತಮ್ಮಾ?

ಕೋರ್ಟಿಗೆ ದಿನಾ ಹೋಗುವವ

"ಬೇಕೇ ಬೇಕು" ಅನ್ನುವವರು ಯಾವ ಕಾನೂನಲ್ಲಿ ಅಂತಲೂ ಹೇಳಬೇಕು. ನೋಂದಣಿ ಕಾಯ್ದೆ 1908ರದು, ಆಧಾರ್‌ಗಿಂತ ನೂರು ವರ್ಷ ಹಳೆಯದು. ಅದರ 34ನೇ ಕಲಮು ಕೇಳೋದು ಇಷ್ಟೇ: ಎದುರಿಗೆ ನಿಂತ ಮನುಷ್ಯ ತಾನು ಹೇಳಿಕೊಳ್ಳುವ ಮನುಷ್ಯನೇ ಹೌದಾ ಅಂತ ನೋಂದಣಿ ಅಧಿಕಾರಿಗೆ ಖಾತ್ರಿ ಆಗಬೇಕು. ಫೋಟೊ ಮತ್ತು ಬೆರಳಚ್ಚು 32ಎ ಪ್ರಕಾರ. ಖಾತ್ರಿಗೆ ಭಾರತದ ಪಾಸ್‌ಪೋರ್ಟ್‌ಗಿಂತ ಗಟ್ಟಿ ಕಾಗದ ಇನ್ನೊಂದು ಯಾವುದು? ಜೊತೆಗೆ ನಿಮ್ಮನ್ನ ಗುರುತಿಸೋಕೆ ಊರಿನ ಇಬ್ಬರು ಬರುತ್ತಾರೆ, ಅವರದು ಆಧಾರ್ ಇದ್ದೇ ಇರುತ್ತದೆ.

ಇನ್ನು ಆಧಾರ್ ಕಾನೂನಿನ ಲೆಕ್ಕದಲ್ಲೂ ಎನ್‌ಆರ್‌ಐಗೆ ಅದು ಕಡ್ಡಾಯ ಅಲ್ಲ. ಬೇಕಾದರೆ ಮಾಡಿಸಿಕೊಳ್ಳಬಹುದು, ಅಷ್ಟೇ. ಬಾಂಡ್ ರೈಟರ್‌ಗೆ ದಿನಕ್ಕೆ ಹತ್ತು ಖರೀದಿ ಪತ್ರ ಇರುತ್ತವೆ, ಹತ್ತಕ್ಕೂ ಆಧಾರ್ ಇರುತ್ತದೆ. ಹನ್ನೊಂದನೆಯವ ಪಾಸ್‌ಪೋರ್ಟ್ ಹಿಡಿದು ಬಂದರೆ "ಆಗಲ್ಲ" ಅನ್ನೋದು ಅವರಿಗೆ ಸುಲಭ.

ಪ್ಯಾನ್ ಮಾತ್ರ ಬೇಕು. ಅದರಲ್ಲಿ ಚೌಕಾಸಿ ಇಲ್ಲ.

ಶಹಾಪುರ ಗಲ್ಲಿ

ವಕೀಲರೇ, ಕಾನೂನು ನೀವು ಹೇಳಿದ ಹಾಗೇ ಇರಬಹುದು. ಕೌಂಟರಿನಲ್ಲಿ ಕೂತವನು ನಿಮ್ಮ 34ನೇ ಕಲಮು ಓದಿರುವುದಿಲ್ಲ. ನಮ್ಮ ತಮ್ಮ ಎರಡು ಸಲ ಅಲೆದ.

ಕೋರ್ಟಿಗೆ ದಿನಾ ಹೋಗುವವ

ಅಲೆದದ್ದು ಖರೆ ಇರಬಹುದು. ಆದರೆ ನಿಮ್ಮ ತಮ್ಮ ಎನ್‌ಆರ್‌ಐ ಆಗಿದ್ದರಾ?

ಶಹಾಪುರ ಗಲ್ಲಿ

ಇಲ್ಲ, ಪುಣೆಯಲ್ಲಿದ್ದಾನೆ.

ಉಪ್ಪಲಿ ಬುರುಜ್

ನಮಗೆ ಪುಣೆನೂ ಫಾರಿನ್ನೇ ಬಿಡಿ 😄

ನವನಗರದಿಂದ ಹ್ಯೂಸ್ಟನ್‌ಗೆ

ನಾನು ಬಾಗಲಕೋಟೆಯವಳು, ಈಗ ಅಮೆರಿಕದ ಪೌರಳು, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇದೆ. ಎರಡು ವರ್ಷದ ಹಿಂದೆ ಬೆಳಗಾವಿಯ ತಿಲಕವಾಡಿಯಲ್ಲಿ ಫ್ಲಾಟ್ ತಗೊಂಡೆವು. ಆಧಾರ್ ಇಲ್ಲದೆಯೇ ಆಯಿತು. ಅಮೆರಿಕನ್ ಪಾಸ್‌ಪೋರ್ಟ್, ಒಸಿಐ, ಪ್ಯಾನ್, ಮೂರೂ ಅಸಲು ಮತ್ತು ಝೆರಾಕ್ಸ್.

ನನ್ನ ಅನುಭವದಲ್ಲಿ ಕಾಡೋದು ಆಧಾರ್ ಅಲ್ಲ, ಹೆಸರು. ನಮ್ಮ ಕಡೆ ಹೆಸರು ಅಂದರೆ ಮೂರು ತುಂಡು ಅಲ್ವಾ: ನಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನನ್ನ ಪ್ಯಾನ್ ಮದುವೆಗೆ ಮುಂಚಿನದು, ಅದರಲ್ಲಿ ಅಪ್ಪನ ಹೆಸರು, ತವರಿನ ಅಡ್ಡಹೆಸರು. ಪಾಸ್‌ಪೋರ್ಟ್ ಮತ್ತು ಒಸಿಐನಲ್ಲಿ ಗಂಡನ ಅಡ್ಡಹೆಸರು, ನಡುವೆ ಏನೂ ಇಲ್ಲ. ಬಿಲ್ಡರ್ ಕೊಟ್ಟ ರಸೀದಿಯಲ್ಲಿ ನನ್ನ ಹೆಸರಿನ ಕೊನೆಗೆ ಒಂದು ಎಚ್ ಜಾಸ್ತಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಮೂರನ್ನೂ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಪೆನ್ನಿನ ತುದಿ ಇಟ್ಟು ಓದಿ, ಶಾಂತವಾಗಿ ಕೇಳಿದ: "ಮೇಡಂ, ಈ ಮೂರು ಮಂದಿ ಯಾರು?"

ಅವತ್ತು ಆಗಲಿಲ್ಲ. ಮದುವೆ ಸರ್ಟಿಫಿಕೇಟ್ ತರಿಸಿದೆವು, ಎಲ್ಲ ಹೆಸರೂ ಒಬ್ಬಳದೇ ಅಂತ ಅಫಿಡವಿಟ್ ಮಾಡಿಸಿದೆವು. ಖರೀದಿ ಪತ್ರದಲ್ಲಿ "ಇಂಥವಳು ಉರ್ಫ್ ಇಂಥವಳು" ಅಂತ ಎರಡೂ ಹೆಸರು ಬರೆಸಿದೆವು. ಎರಡು ದಿನ ಬಿಟ್ಟು ಹೋದರೆ ಇನ್ನೊಂದು ತಾಪತ್ರಯ. ಹಿಂದಿನ ರಾತ್ರಿ ನಾದಿನಿಯ ಮದುವೆಗೆ ಮೆಹಂದಿ ಹಾಕಿಕೊಂಡಿದ್ದೆ. ಹೆಬ್ಬೆರಳು ಮಷೀನಿಗೆ ಹಿಡಿಸಲೇ ಇಲ್ಲ. ತೊಳೆದು, ಒರೆಸಿ, ನಮ್ಮತ್ತೆಯ ಸೆರಗಿಗೆ ತಿಕ್ಕಿ, ಐದನೇ ಸಲಕ್ಕೆ ಹಸಿರು ದೀಪ ಬಂತು.

ಹಾಗಾಗಿ ಪ್ಯಾನ್ ಮತ್ತು ಪಾಸ್‌ಪೋರ್ಟ್ ಹೆಸರು ಈಗಲೇ ಒಂದು ಮಾಡಿಸಿ. ಪ್ಯಾನ್ ತಿದ್ದುಪಡಿ ಆನ್‌ಲೈನಲ್ಲೇ ಆಗುತ್ತದೆ. ಮೆಹಂದಿ ಬೇಡ 🙂

ದೋಹಾದ ವಿಜಯಪುರದವ

ಅಕ್ಕಾ, ತುಂಬಾ ಉಪಕಾರ ಆಯಿತು. ಪ್ಯಾನ್ ತಿದ್ದುಪಡಿಗೆ ಇವತ್ತೇ ಹಾಕುತ್ತೇನೆ. ಬಿಜಾಪುರ ಅಂತ ಇರೋದಕ್ಕೆ ಏನಾದರೂ ಮಾಡಬೇಕಾ?

ಕೋರ್ಟಿಗೆ ದಿನಾ ಹೋಗುವವ

ಏನೂ ಬೇಡ. 2014ರ ನವೆಂಬರ್ 1ರಂದು ಸರ್ಕಾರವೇ 12 ಊರುಗಳ ಹೆಸರು ಬದಲಿಸಿತು. ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ನೀವು ಹುಟ್ಟಿದಾಗ ಅದು ಬಿಜಾಪುರವೇ. ಪಾಸ್‌ಪೋರ್ಟ್ ಸುಳ್ಳು ಹೇಳುತ್ತಿಲ್ಲ.

ಉಪ್ಪಲಿ ಬುರುಜ್

ನಮ್ಮಜ್ಜಿಗೆ ಇವತ್ತಿಗೂ ಬಿಜಾಪುರವೇ. ಬಸ್ಸಿನ ಬೋರ್ಡ್ ಬದಲಾದ ಮೇಲೆ ಆರು ತಿಂಗಳು ಮಗಳ ಮನೆಗೇ ಹೋಗಿರಲಿಲ್ಲ, "ನಮ್ಮೂರ ಬಸ್ ಬರವಲ್ದು" ಅಂತ.

ಒಂದು ಕಾಲದ ಬ್ಯಾಂಕಿನವಳು

ಎಲ್ಲರೂ ಕಾರ್ಡಿನ ಹಿಂದೆ ಬಿದ್ದಿದ್ದೀರಿ. ದುಡ್ಡು ಯಾವ ಖಾತೆಯಿಂದ ಹೋಗುತ್ತದೆ? ಆ 2 ಲಕ್ಷ ಹೇಗೆ ಕೊಟ್ಟಿರಿ?

ದೋಹಾದ ವಿಜಯಪುರದವ

ಕಾಕಾ ತಮ್ಮ ಕೈಯಿಂದ ನಗದು ಕೊಟ್ಟರು ಮೇಡಂ. ಉಳಿದದ್ದನ್ನ ನನ್ನ ಹಳೇ ಎಸ್‌ಬಿ ಖಾತೆಯಿಂದ ಕೊಡೋಣ ಅಂತಿದ್ದೆ. ಕಾಲೇಜಿನಲ್ಲಿದ್ದಾಗ ತೆಗೆದದ್ದು, ಇನ್ನೂ ನಡೀತಿದೆ.

ಒಂದು ಕಾಲದ ಬ್ಯಾಂಕಿನವಳು

ಅಯ್ಯೋ ದೇವರೇ. ಒಂದೇ ಉತ್ತರದಲ್ಲಿ ಎರಡು ತಪ್ಪು.

ಮೊದಲನೇದು ಆ ಎಸ್‌ಬಿ ಖಾತೆ. ನೀವು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ ಮೇಲೆ ಅದು ಸಾದಾ ಎಸ್‌ಬಿ ಆಗಿ ಉಳಿಯೋ ಹಾಗಿಲ್ಲ. ಎನ್‌ಆರ್‌ಒ (ಎನ್‌ಆರ್‌ಐಗಳು ಇಲ್ಲಿನ ದುಡ್ಡಿಗೆ ಇಡುವ ಖಾತೆ) ಮಾಡಿಸಬೇಕು. 14 ವರ್ಷ ಯಾರೂ ಕೇಳಿಲ್ಲ ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ. ಎನ್‌ಆರ್‌ಐ ಆಸ್ತಿ ತಗೊಳ್ಳುವಾಗ ದುಡ್ಡು ಎನ್‌ಆರ್‌ಇ (ಹೊರದೇಶದ ಗಳಿಕೆಯನ್ನ ರೂಪಾಯಿಯಲ್ಲಿ ಇಡುವುದು), ಎನ್‌ಆರ್‌ಒ ಅಥವಾ ಎಫ್‌ಸಿಎನ್‌ಆರ್ (ವಿದೇಶಿ ಕರೆನ್ಸಿ ಠೇವಣಿ) ಖಾತೆಯಿಂದ ಹೋಗಬೇಕು, ಇಲ್ಲಾ ಹೊರದೇಶದಿಂದ ನೇರವಾಗಿ ಬ್ಯಾಂಕ್ ಮೂಲಕ ಬರಬೇಕು. ಊರಿಗೆ ಹೊರಟವರ ಕೈಯಲ್ಲಿ ರಿಯಾಲ್ ಕಳಿಸಿ ಇಲ್ಲಿ ಬದಲಿಸೋದು, ಹವಾಲಾ, ಅದೆಲ್ಲ ನಡೆಯಲ್ಲ. ಎನ್‌ಆರ್‌ಇಯಿಂದ ಕೊಟ್ಟರೆ ಮುಂದೆ ಮಾರಿದಾಗ ಹಾಕಿದ ದುಡ್ಡು ವಾಪಸ್ ಒಯ್ಯೋದು ಸುಲಭ. ಮನೆ ಆದರೆ ಎರಡರವರೆಗೆ ಆ ಸೌಲಭ್ಯ ಇದೆ.

ಎರಡನೇದು ಸಂಚಕಾರ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಳ್ಳೋ ಹಾಗೇ ಇಲ್ಲ. 2015ರಿಂದ ಇದೆ ಈ ನಿಯಮ. ತಗೊಂಡವರಿಗೆ ತಗೊಂಡಷ್ಟೇ ದಂಡ. ಅಂದರೆ ದಂಡ ನಿಮ್ಮ ಕಾಕಾಗೆ ಅಲ್ಲ, ಆ ಮಾರೋ ಮನುಷ್ಯನಿಗೆ. ಇದನ್ನ ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

ಪ್ಯಾನ್ ಬಗ್ಗೆಯೂ ಒಂದು ಮಾತು. 2023ರ ಜುಲೈ 1ರಿಂದ ಆಧಾರ್ ಜೋಡಿಸದ ಪ್ಯಾನ್‌ಗಳು ನಿಷ್ಕ್ರಿಯ ಆದವು. ಎನ್‌ಆರ್‌ಐಗಳಿಗೆ ಜೋಡಣೆಯಿಂದ ವಿನಾಯಿತಿ ಇದೆ. ಆದರೆ ನೀವು ಎನ್‌ಆರ್‌ಐ ಅಂತ ಇಲಾಖೆಗೆ ಗೊತ್ತಿದ್ದರೆ ತಾನೆ? ರಿಟರ್ನ್ಸ್‌ನಲ್ಲಿ ಎನ್‌ಆರ್‌ಐ ಅಂತ ತೋರಿಸಿರದಿದ್ದರೆ ನಿಮ್ಮದೂ ಮಲಗಿರಬಹುದು. ಪೋರ್ಟಲ್‌ನಲ್ಲಿ ನೋಡಿ.

ದೋಹಾದ ವಿಜಯಪುರದವ

ನೋಡಿದೆ. ಮಲಗಿದೆ 😞

ಒಂದು ಕಾಲದ ಬ್ಯಾಂಕಿನವಳು

ನಿಮ್ಮ ಪ್ಯಾನ್ ಯಾವ ಆದಾಯ ತೆರಿಗೆ ಅಧಿಕಾರಿಯ ವ್ಯಾಪ್ತಿಗೆ ಬರುತ್ತದೋ ಅವರಿಗೆ ಪಾಸ್‌ಪೋರ್ಟ್, ವೀಸಾ ಪುಟಗಳ ಪ್ರತಿ ಜೊತೆ ಬರೆಯಿರಿ, ನಾನು ಹೊರದೇಶದಲ್ಲಿದ್ದೇನೆ ಅಂತ. ಎಬ್ಬಿಸುತ್ತಾರೆ. ಒಂದು ಸಲಕ್ಕೆ ಏಳದಿದ್ದರೆ ಇನ್ನೊಂದು ಸಲ ಬರೆಯಿರಿ.

ನಿವೃತ್ತ ತಲಾಟಿ

ನಾನು ಮೇಲೆ ಒಂದು ಪ್ರಶ್ನೆ ಕೇಳಿದ್ದೆ. ಉತಾರ ನೋಡಿದ್ದೀಯಾ?

ಕುಂದಾನಗರಿ ಪ್ಲಾಟ್ಸ್

ಬೆಳಗಾವಿ ಪೀರನವಾಡಿ ಹತ್ತಿರ 30x40 ಪ್ಲಾಟ್ ಲಭ್ಯ. ಎನ್‌ಆರ್‌ಐ ಗ್ರಾಹಕರಿಗೆ ಯಾವ ದಾಖಲೆಯೂ ಇಲ್ಲದೆ ರಿಜಿಸ್ಟ್ರಿ ಮಾಡಿಸಿ ಕೊಡುತ್ತೇವೆ. ಸಂದೇಶ ಕಳಿಸಿ.

ಕೋರ್ಟಿಗೆ ದಿನಾ ಹೋಗುವವ

ಯಾವ ದಾಖಲೆಯೂ ಇಲ್ಲದೆ ಮಾಡಿಸಿಕೊಡೋದು ರಿಜಿಸ್ಟ್ರಿ ಅಲ್ಲ, ಕೇಸು. ನಮ್ಮ ಹೊಟ್ಟೆಪಾಡು ನಡೆಯೋದೇ ನಿಮ್ಮಂಥವರಿಂದ.

ಉಪ್ಪಲಿ ಬುರುಜ್

ಕುಂದಾ ಆದರೂ ಫ್ರೀ ಕೊಡ್ತೀರಾ?

ಅಮೀನಗಡ ದಾರಿ

ಕರದಂಟು ಇರುವಾಗ ಕುಂದಾ ಯಾರಿಗೆ ಬೇಕು.

ಶಹಾಪುರ ಗಲ್ಲಿ

ಕರದಂಟು ತಿನ್ನೋಕೆ ಹಲ್ಲು ಗಟ್ಟಿ ಇರಬೇಕು, ಕುಂದಾಗೆ ನಾಲಿಗೆ ಇದ್ದರೆ ಸಾಕು. ಅದು ಬಿಡಿ. ಮುಖತ್ಯಾರ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಷಡ್ಡಕ ಕುವೈತಿನಿಂದ 100 ರೂಪಾಯಿ ಸ್ಟ್ಯಾಂಪ್ ಪೇಪರ್ ತರಿಸಿಕೊಂಡು, ಅಲ್ಲೇ ಸಹಿ ಹಾಕಿ ಕೊರಿಯರ್ ಮಾಡಿದ್ದರು. ನಡೆಯಲಿಲ್ಲ.

ಕೋರ್ಟಿಗೆ ದಿನಾ ಹೋಗುವವ

ನಡೆಯಲ್ಲ, ಯಾಕಂದ್ರೆ ಯಾರ ಮುಂದೆ ಸಹಿ ಹಾಕಿದರು ಅನ್ನೋದು ಮುಖ್ಯ. ನೋಂದಣಿ ಕಾಯ್ದೆ 33ನೇ ಕಲಮು ಅದನ್ನ ಬಿಡಿಸಿ ಹೇಳಿದೆ. ಬರೆದುಕೊಡುವವನು ಭಾರತದಲ್ಲಿದ್ದರೆ ತಾನಿರುವ ಊರಿನ ಸಬ್ ರಿಜಿಸ್ಟ್ರಾರ್ ಮುಂದೆ. ಹೊರದೇಶದಲ್ಲಿದ್ದರೆ ಅಲ್ಲಿನ ನೋಟರಿ, ಕೋರ್ಟು ಅಥವಾ ಭಾರತದ ಕಾನ್ಸುಲ್ ಮುಂದೆ. ದೋಹಾದವರಿಗೆ ಸೀದಾ ದಾರಿ ಅಂದರೆ ನಮ್ಮ ರಾಯಭಾರ ಕಚೇರಿ. ಅಸಲು ಪಾಸ್‌ಪೋರ್ಟ್ ತಗೊಂಡು ಹೋಗಿ, ಅಧಿಕಾರಿ ಎದುರಿಗೇ ಸಹಿ ಹಾಕಬೇಕು. ಮನೆಯಲ್ಲಿ ಮೊದಲೇ ಹಾಕಿಕೊಂಡು ಹೋಗಬಾರದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಹಾಕಿ.

ಪತ್ರ ಇಲ್ಲಿಗೆ ಬಂದ ಮೇಲೆ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಬಹಳ ಮಂದಿ ಇದನ್ನ ಮರೆತು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಬಂದ ಕೊರಿಯರ್ ಕವರನ್ನೂ ಎಸೆಯಬೇಡಿ, ಯಾವತ್ತು ಬಂತು ಅಂತ ತೋರಿಸೋಕೆ ಅದೇ ಪುರಾವೆ.

ನವನಗರದಿಂದ ಹ್ಯೂಸ್ಟನ್‌ಗೆ

ನಾವು ಅಮೆರಿಕದಲ್ಲಿ ನೋಟರಿ ಮಾಡಿಸಿ ಅದರ ಮೇಲೆ ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಹಾಕಿಸಿದ್ದೆವು, ಬಿಲ್ಡರ್ ಅಗ್ರಿಮೆಂಟಿಗೆ. ನಡೆಯಿತು.

ಕೋರ್ಟಿಗೆ ದಿನಾ ಹೋಗುವವ

ಅಮೆರಿಕ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಭಾರತವೂ 2005ರಿಂದ ಇದೆ. ಕತಾರ್ ಇಲ್ಲ. ಅದಕ್ಕೇ ರಾಯಭಾರ ಕಚೇರಿ ಅಂದದ್ದು.

ಇನ್ನೊಂದು. ಕಾಕಾಗೆ ಕೊಡುವ ಪತ್ರದಲ್ಲಿ ಇಂಥ ಪ್ಲಾಟ್, ಇಂಥ ನಂಬರ್, ಖರೀದಿಗೆ ಮಾತ್ರ ಅಂತ ಸ್ಪಷ್ಟ ಬರೆಸಿ. "ಮಾರಲು, ಒತ್ತೆ ಇಡಲು, ದಾನ ಕೊಡಲು" ಅಂತ ಬಾಂಡ್ ರೈಟರ್ ಹಳೇ ನಮೂನೆಯಿಂದ ಎಲ್ಲ ಸೇರಿಸಿಬಿಡುತ್ತಾರೆ. ಕಾಕಾ ಒಳ್ಳೆಯವರೇ ಇರಬಹುದು. ಕಾಕಾನ ಮಕ್ಕಳ ಬಗ್ಗೆ ನನಗೆ ಗೊತ್ತಿಲ್ಲ.

ದೋಹಾದ ವಿಜಯಪುರದವ

ಕಾಕಾಗೆ ಮಕ್ಕಳಿಲ್ಲ ಸರ್. ನನ್ನನ್ನ ಓದಿಸಿದ್ದೇ ಅವರು.

ಕೋರ್ಟಿಗೆ ದಿನಾ ಹೋಗುವವ

ತಪ್ಪಾಯಿತು. ಮಾತು ವಾಪಸ್. ಆದರೂ ಪತ್ರ ಖರೀದಿಗೆ ಮಾತ್ರ ಇರಲಿ.

ಅಮೀನಗಡ ದಾರಿ

ಇಷ್ಟೆಲ್ಲ ಯಾಕೆ? ರಜೆಗೆ ಬಂದಾಗ ಆಧಾರ್ ಮಾಡಿಸಿಕೊಂಡರೆ ಮುಗೀತಲ್ಲ. ಎನ್‌ಆರ್‌ಐ ಆದರೆ 182 ದಿನ ಇಲ್ಲಿದ್ದ ಮೇಲೇ ಆಧಾರ್ ಕೊಡುತ್ತಾರೆ ಅಂತ ಕೇಳಿದ್ದೆ, ಅದು ಈಗಲೂ ಇದೆಯಾ?

ನವನಗರದಿಂದ ಹ್ಯೂಸ್ಟನ್‌ಗೆ

ಅದು ನನ್ನಂಥ ಒಸಿಐಗಳಿಗೆ ಈಗಲೂ ಇದೆ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗಳಿಗೆ 2019ರಲ್ಲೇ ತೆಗೆದರು. ವಿಮಾನ ಇಳಿದ ಮರುದಿನವೇ ಆಧಾರ್ ಕೇಂದ್ರಕ್ಕೆ ಹೋಗಬಹುದು. ಗುರುತಿಗೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಕಡ್ಡಾಯ. ಆದರೆ ಮಾಡಿಸೋದು ಭಾರತಕ್ಕೆ ಬಂದೇ.

ಒಂದು ಕಾಲದ ಬ್ಯಾಂಕಿನವಳು

ಮಾಡಿಸಿ, ಒಳ್ಳೇದೇ. ಮುಂದೆ ಖಾತೆ ಬದಲಿಸೋಕೆ, ಕರೆಂಟ್ ಮೀಟರ್‌ಗೆ ಎಲ್ಲರೂ ಅದನ್ನೇ ಕೇಳುತ್ತಾರೆ, ಇದ್ದರೆ ಅಲೆದಾಟ ಕಡಿಮೆ. ಆದರೆ 18 ದಿನದಲ್ಲಿ ನಂಬರ್ ಬಂದೇ ಬರುತ್ತದೆ ಅಂತ ನಂಬಿಕೊಂಡು ರಿಜಿಸ್ಟ್ರಿ ದಿನ ಗೊತ್ತು ಮಾಡಬೇಡಿ. ಕೊಡುವ ಮೊಬೈಲ್ ನಂಬರ್ ಭಾರತದ್ದೇ ಇರಲಿ. ದೋಹಾ ನಂಬರ್‌ಗೆ ಒಟಿಪಿ ಬರುವುದಿಲ್ಲ. ಅಪ್ಪನ ನಂಬರ್ ಕೊಟ್ಟು, ಆಮೇಲೆ ಪ್ರತಿ ಒಟಿಪಿಗೂ ಅವರನ್ನ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸುವವರನ್ನ ಬೇಕಾದಷ್ಟು ನೋಡಿದ್ದೇನೆ.

ಮತ್ತೆ ದಯವಿಟ್ಟು ಪಾಸ್‌ಪೋರ್ಟ್ ಪುಟಗಳನ್ನ ವಾಟ್ಸಾಪ್‌ನಲ್ಲಿ ಸಿಕ್ಕಸಿಕ್ಕ ಏಜೆಂಟರಿಗೆ ಕಳಿಸಬೇಡಿ.

ಕೆನಡಾದ ಜಮಖಂಡಿ

ನಡುವೆ ಬಾಯಿ ಹಾಕ್ತೀನಿ, ಬೇರೆ ಪ್ರಶ್ನೆ. ನಾನು ಕೆನಡಾ ಪೌರ, ಒಸಿಐ ಇನ್ನೂ ಮಾಡಿಸಿಲ್ಲ. ಊರಲ್ಲಿ ಮನೆ ತಗೋಬಹುದಾ? ಮತ್ತೆ ಅಪ್ಪನ ಹೆಸರಲ್ಲಿ 4 ಎಕರೆ ಕಬ್ಬಿನ ಹೊಲ ಇದೆ. ಅಪ್ಪ "ಈಗಲೇ ದಾನಪತ್ರ ಮಾಡಿಕೊಡ್ತೀನಿ" ಅಂತಾರೆ.

ಕೋರ್ಟಿಗೆ ದಿನಾ ಹೋಗುವವ

ಮನೆ ತಗೊಳ್ಳೋಕೆ ಒಸಿಐ ಬೇಕು. ಬರೀ ಕೆನಡಾ ಪಾಸ್‌ಪೋರ್ಟ್ ಇಟ್ಟುಕೊಂಡು, ನಮ್ಮಪ್ಪ ಜಮಖಂಡಿಯವರು ಅಂದರೆ ಆಗಲ್ಲ. ಮೊದಲು ಹಳೇ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಆ ಸರ್ಟಿಫಿಕೇಟ್ ತಗೊಂಡು, ಒಸಿಐಗೆ ಅರ್ಜಿ ಹಾಕಿ.

ಹೊಲದ ವಿಷಯಕ್ಕೆ ಅಪ್ಪನಿಗೆ ಹೇಳಿ, ಅವಸರ ಬೇಡ. ಹೊರದೇಶದಲ್ಲಿರುವವರಿಗೆ ಹೊಲವನ್ನ ದಾನವಾಗಿ ಕೊಡೋಕೆ ಫೆಮಾದಲ್ಲಿ (ವಿದೇಶಿ ವಿನಿಮಯ ಕಾಯ್ದೆ) ಅವಕಾಶ ಇಲ್ಲ. ವಾರಸಾ ಮೂಲಕ ಬಂದರೆ ಅಡ್ಡಿ ಇಲ್ಲ. ಆಮೇಲೆ ಮಾರಬೇಕಾದರೆ ಇಲ್ಲೇ ಇರುವ ಭಾರತದ ಪೌರನಿಗೇ ಮಾರಬೇಕು.

ಕೆನಡಾದ ಜಮಖಂಡಿ

ಅಂದ್ರೆ ಅಪ್ಪ ಇರೋತನಕ ಆಗಲ್ಲ ಅಂತ ಅವರಿಗೆ ನಾನು ಹೇಗೆ ಹೇಳಲಿ ಸರ್...

ನಿವೃತ್ತ ತಲಾಟಿ

"ನೀವೇ ನೂರು ವರ್ಷ ಮಾಡ್ರಿ" ಅಂತ ಹೇಳು. ಖುಷಿ ಪಡ್ತಾರೆ.

ದೋಹಾದ ತಮ್ಮಾ, ಮೂರನೇ ಸಲ ಕೇಳ್ತಿದ್ದೇನೆ. ಉತಾರ?

ದೋಹಾದ ವಿಜಯಪುರದವ

ಕ್ಷಮಿಸಿ ತಲಾಟಿ ಕಾಕಾ, ನಡುವೆ ತಪ್ಪಿಹೋಯಿತು. ನಮ್ಮ ಕಾಕಾ ಕಳಿಸಿದ ಫೋಟೊ ಈಗ ತೆಗೆದು ನೋಡಿದೆ. 10 ಗುಂಟೆ. ಸರ್ವೆ ನಂಬರ್ ಇದೆ, ಅದರ ಮುಂದೆ ಬೆಳೆ ಜೋಳ, ಕಡಲೆ ಅಂತಿದೆ. ಮಾರುವವರು "ಫಾರ್ಮ್ ಪ್ಲಾಟ್" ಅಂತ ಹೇಳಿದ್ದಾರೆ, ಮುಂದೆ ಎನ್.ಎ. ಮಾಡಿಸಿಕೊಡ್ತಾರಂತೆ.

ನಿವೃತ್ತ ತಲಾಟಿ

ಬಂತು ನೋಡು. ಆಧಾರ್ ಇದೆಯೋ ಇಲ್ಲವೋ ಅಂತ ಇಷ್ಟು ಮಂದಿ ಎರಡು ದಿನದಿಂದ ಬಡಿದಾಡಿದ್ದು ದಂಡ. ಅದು ಪ್ಲಾಟ್ ಅಲ್ಲಪ್ಪ, ಹೊಲ. ಸುತ್ತ ಕಲ್ಲು ನೆಟ್ಟು ಸುಣ್ಣ ಬಳಿದರೆ ಪ್ಲಾಟ್ ಆಗುವುದಿಲ್ಲ. ಉತಾರದಲ್ಲಿ ಜೋಳ ಅಂತ ಬರೆದಿರೋತನಕ ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಜೋಳವೇ ಇರೋದು. ನಾನು 30 ವರ್ಷ ಅದನ್ನೇ ಬರೆದವನು.

ಎನ್‌ಆರ್‌ಐ ಹೊಲ ಖರೀದಿ ಮಾಡೋ ಹಾಗಿಲ್ಲ. ತೋಟವೂ ಇಲ್ಲ, ಫಾರ್ಮ್ ಹೌಸೂ ಇಲ್ಲ. ನಿನ್ನ ಹತ್ತಿರ ಹತ್ತು ಆಧಾರ್ ಇದ್ದರೂ ಅಷ್ಟೇ.

ಅಮೀನಗಡ ದಾರಿ

ಇಲ್ಲ ತಲಾಟಿ ಸಾಹೇಬ್ರೇ, 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿ 79ಎ, 79ಬಿ ತೆಗೆದರಲ್ಲ. ಈಗ ಕರ್ನಾಟಕದಲ್ಲಿ ಯಾರು ಬೇಕಾದರೂ ಹೊಲ ತಗೋಬಹುದು. ರೈತ ಆಗಿರಬೇಕು ಅನ್ನೋದೇ ಹೋಯಿತು. ನಮ್ಮ ಪಕ್ಕದ ಹೊಲವನ್ನ ಬೆಂಗಳೂರಿನ ಸಾಫ್ಟ್‌ವೇರ್‌ನವರು ತಗೊಂಡರು.

ನಿವೃತ್ತ ತಲಾಟಿ

ಬೆಂಗಳೂರು ಭಾರತದಲ್ಲಿದೆ.

ಕೋರ್ಟಿಗೆ ದಿನಾ ಹೋಗುವವ

ಇದನ್ನ ಸ್ವಲ್ಪ ಬಿಡಿಸುತ್ತೇನೆ, ಏಕೆಂದರೆ ಬಹಳ ಮಂದಿ ಇಲ್ಲೇ ಎಡವುತ್ತಾರೆ. 79ಎ, 79ಬಿ ರಾಜ್ಯದ ಕಾನೂನು. ಅವು ಹೋದದ್ದರಿಂದ ರೈತನಲ್ಲದವನಿಗೆ ಇದ್ದ ತಡೆ ಹೋಯಿತು. ಎನ್‌ಆರ್‌ಐಗೆ ಇರುವ ತಡೆ ಬೇರೆ, ಅದು ಕೇಂದ್ರದ ಫೆಮಾದಿಂದ ಬಂದದ್ದು. ಬೆಂಗಳೂರಲ್ಲಿ ಏನೇ ತಿದ್ದುಪಡಿ ಆದರೂ ಅದು ಕದಲಲ್ಲ. ಮೀರಿದರೆ ವ್ಯವಹಾರದ ಮೊತ್ತದ 3 ಪಟ್ಟಿನವರೆಗೆ ದಂಡ ಹಾಕಬಹುದು.

ಕಷ್ಟ ಏನಂದ್ರೆ, ಕೌಂಟರಿನಲ್ಲಿ ನೀವು ಎನ್‌ಆರ್‌ಐ ಹೌದಾ ಅಂತ ಯಾರೂ ಕೇಳದೇ ಇರಬಹುದು. ಭಾರತದ ಪಾಸ್‌ಪೋರ್ಟ್ ತೋರಿಸಿದರೆ ರಿಜಿಸ್ಟ್ರಿ ಆಗಿಬಿಡಲೂಬಹುದು. ಆಗ ಎಲ್ಲರೂ ಪೇಢೆ ಹಂಚುತ್ತಾರೆ. ಸಿಕ್ಕಿಬೀಳೋದು ಹತ್ತು ವರ್ಷ ಬಿಟ್ಟು, ಮಾರಿ ದುಡ್ಡು ಒಯ್ಯುವಾಗ.

ದೋಹಾದ ವಿಜಯಪುರದವ

ಕೈಕಾಲು ತಣ್ಣಗಾಯಿತು. ಈಗಷ್ಟೇ ಕಾಕಾಗೆ ಫೋನ್ ಮಾಡಿದೆ. "ಹಂಗಾರ ನನ್ನ ಹೆಸರಿಗೇ ತಗೊಳ್ಳೋಣು, ರೊಕ್ಕ ನೀ ಕೊಡು, ನೀ ವಾಪಸ್ ಬಂದ ಮ್ಯಾಲ ನಿನ್ನ ಹೆಸರಿಗೆ ಮಾಡಿದ್ರಾತು" ಅಂದರು. ಇದು ಆಗುತ್ತಾ?

ಕೋರ್ಟಿಗೆ ದಿನಾ ಹೋಗುವವ

ದುಡ್ಡು ನಿಮ್ಮದು, ಹೆಸರು ಅವರದು, ಅನುಭವಿಸೋದು ಮುಂದೆ ನೀವು. ಇದಕ್ಕೆ ಬೇನಾಮಿ ಅಂತಾರೆ. ಹೆಂಡತಿ ಮಕ್ಕಳ ಹೆಸರಿನಲ್ಲಿ, ಲೆಕ್ಕ ತೋರಿಸುವ ದುಡ್ಡಿನಿಂದ ತಗೊಂಡರೆ ವಿನಾಯಿತಿ ಇದೆ. ಕಾಕಾ ಆ ಪಟ್ಟಿಯಲ್ಲಿ ಇಲ್ಲ. 2016ರ ತಿದ್ದುಪಡಿ ಆದ ಮೇಲೆ 1ರಿಂದ 7 ವರ್ಷ ಕಠಿಣ ಸಜೆ, ಆಸ್ತಿ ಬೆಲೆಯ ಕಾಲು ಭಾಗದವರೆಗೆ ದಂಡ. ನಿಮ್ಮನ್ನ ಓದಿಸಿದ ಮನುಷ್ಯನನ್ನ ಅದರೊಳಗೆ ಸಿಕ್ಕಿಸಬೇಡಿ.

ಶಹಾಪುರ ಗಲ್ಲಿ

ಹಾಗಾದರೆ ಜಿಪಿಎ (ಜನರಲ್ ಮುಖತ್ಯಾರ ಪತ್ರ) ಮೇಲೆ ತಗೊಂಡು ಬಿಟ್ಟರೆ? ನಮ್ಮ ಕಡೆ ಎಷ್ಟೋ ಮಂದಿ ಹಾಗೇ ಮಾಡಿದ್ದಾರೆ.

ಕೋರ್ಟಿಗೆ ದಿನಾ ಹೋಗುವವ

ಎಷ್ಟೋ ಮಂದಿ ಹಾಗೇ ಮಾಡಿ ನಮ್ಮಲ್ಲಿಗೆ ಬಂದಿದ್ದಾರೆ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಆಗಿದೆ.

ನಿವೃತ್ತ ತಲಾಟಿ

ತಮ್ಮಾ, ಈಗ ಏನು ಮಾಡಬೇಕು ಕೇಳು. ಹೊಲದಾತ ಮೊದಲು ಡಿ.ಸಿ. ಅವರಿಂದ ಎನ್.ಎ. ಆದೇಶ ತರಲಿ, ಲೇಔಟ್ ಮಂಜೂರು ಮಾಡಿಸಲಿ, ಖಾತೆ ಆಗಲಿ. ಪಾಲಿಕೆ ಹದ್ದಿನಲ್ಲಿದ್ದರೆ ಇ-ಖಾತಾ, ಪಂಚಾಯಿತಿ ಹದ್ದಿನಲ್ಲಿದ್ದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ. ಅದಾದ ಮೇಲೆ ನೀನು ತಗೋ. "ನೀ ತಗೋ, ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವವನ ಮಾತು ಕೇಳಬೇಡ. ಒಂದು ಸರ್ವೆ ನಂಬರಿನೊಳಗೆ 10 ಗುಂಟೆ ಕತ್ತರಿಸಿ ಮಾರಬೇಕಂದ್ರೆ 11ಇ ನಕ್ಷೆ (ಆ ತುಂಡಿನ ಸರ್ವೆ ನಕ್ಷೆ) ಬೇಕು, ಅದಿದೆಯಾ ಅಂತ ಕೇಳಿ ನೋಡು. ಮುಖದ ಬಣ್ಣ ಬದಲಾಗುತ್ತದೆ.

ಬೋಜಾ ಕಾಲಂ ಕೂಡ ನೋಡು. ಸೊಸೈಟಿ ಸಾಲ ಅಲ್ಲಿ ಕೂತಿರುತ್ತದೆ.

ನವನಗರದಿಂದ ಹ್ಯೂಸ್ಟನ್‌ಗೆ

ತಲಾಟಿ ಕಾಕಾ ಹೇಳಿದ್ದು ಓದಿ ನಮ್ಮಪ್ಪ ನೆನಪಾದರು. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನವನಗರದಲ್ಲಿ ಸೈಟ್ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಅಪ್ಪ ಟಿವಿ ಬಿಟ್ಟರು, ಮಂಚ ಬಿಟ್ಟರು. ಒಂದು ತಗಡಿನ ಪೆಟ್ಟಿಗೆ ಮಾತ್ರ ಯಾರ ಕೈಗೂ ಕೊಡದೆ ತೊಡೆ ಮೇಲೆ ಇಟ್ಟುಕೊಂಡು ಟಂಟಂನಲ್ಲಿ ಕೂತರು. ಒಳಗೆ ಅಜ್ಜನ ಕಾಲದ ಸಿಟಿಎಸ್ ಉತಾರ, ತೆರಿಗೆ ರಸೀದಿ, ಪರಿಹಾರದ ನೋಟಿಸು. ಇವತ್ತಿಗೂ ಆ ಪೆಟ್ಟಿಗೆ ದೇವರ ಮನೆಯಲ್ಲೇ ಇದೆ.

ಉಪ್ಪಲಿ ಬುರುಜ್

ಬುರಣಾಪುರದ ಏರ್‌ಪೋರ್ಟ್ ಶುರು ಆದರೆ ಆ ಹೊಲದ ರೇಟ್ ಎಲ್ಲಿಗೋ ಹೋಗ್ತಿತ್ತು ಬಿಡಿ.

ಅಮೀನಗಡ ದಾರಿ

ಏರ್‌ಪೋರ್ಟ್ ಹೆಸರು ಹೇಳಿ ಹೇಳಿ ಎಷ್ಟು ಪ್ಲಾಟ್ ಮಾರಿದರೋ. ವಿಮಾನ ಮಾತ್ರ ಇನ್ನೂ ಕಂಡಿಲ್ಲ.

ಒಂದು ಕಾಲದ ಬ್ಯಾಂಕಿನವಳು

ಸೈಟ್ ಸಿಕ್ಕರೆ ಖರ್ಚಿನ ಲೆಕ್ಕದಲ್ಲಿ ಒಂದು ಸೇರಿಸಿಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಪರ್ಸೆಂಟ್ ಆಗಿದೆ, ಸ್ಟ್ಯಾಂಪ್ ಡ್ಯೂಟಿ ಬೇರೆ. ಬೆಲೆ 50 ಲಕ್ಷ ಮುಟ್ಟಿದರೆ 1 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟೋದು ತಗೊಳ್ಳುವ ನಿಮ್ಮ ಜವಾಬ್ದಾರಿ. ಮಾರುವವರೂ ಎನ್‌ಆರ್‌ಐ ಆಗಿದ್ದರೆ ಈ 1 ಪರ್ಸೆಂಟ್ ಲೆಕ್ಕ ನಡೆಯಲ್ಲ, ಜಾಸ್ತಿ ಹಿಡಿಯಬೇಕು. ಆಗ ಒಬ್ಬ ಆಡಿಟರ್‌ನ ಕೇಳಿಯೇ ಮುಂದುವರಿಯಿರಿ.

ದೋಹಾದ ವಿಜಯಪುರದವ

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ರಜೆ ಮುಗಿಸಿ ನಿನ್ನೆ ದೋಹಾಕ್ಕೆ ವಾಪಸ್ ಬಂದೆ.

ಮೊದಲ ವಾರ ಕಾಕಾ ನನ್ನ ಜೊತೆ ಮಾತೇ ಆಡಲಿಲ್ಲ. ಅವರ ಪ್ರಕಾರ ನಾನು ಇಂಟರ್‌ನೆಟ್ ಮಂದಿ ಮಾತು ಕೇಳಿ ಅವರ ಮರ್ಯಾದೆ ಕಳೆದೆ. ಆಮೇಲೆ ಇಬ್ಬರೂ ಸೇರಿ ಹೊಲದಾತನ ಮನೆಗೆ ಹೋದೆವು. ಚಹಾ ಕೊಟ್ಟರು. 11ಇ ನಕ್ಷೆ ಎಲ್ಲಿ ಅಂತ ಕೇಳಿದೆ. ತಲಾಟಿ ಕಾಕಾ, ಮುಖದ ಬಣ್ಣ ನೀವು ಹೇಳಿದ ಹಾಗೇ ಬದಲಾಯಿತು. ಸಂಚಕಾರ ವಾಪಸ್ ಅಂದ ಕೂಡಲೇ "ಮಾತು ಮುರಿದವರು ನೀವು, ರೊಕ್ಕ ಬರೂದಿಲ್ಲ" ಅಂದರು. ಆಗ ಬ್ಯಾಂಕಿನ ಮೇಡಂ ಹೇಳಿದ 20,000ದ ಮಾತು ಮೆಲ್ಲಗೆ ತೆಗೆದೆ. ಅವರ ಮಗ ಬಿ.ಕಾಂ. ಓದಿದವನು, ಒಳಗೆ ಕರೆದುಕೊಂಡು ಹೋಗಿ ಅಪ್ಪನಿಗೆ ಏನೋ ಹೇಳಿದ. ಒಂದೂವರೆ ಲಕ್ಷ ಎನ್‌ಇಎಫ್‌ಟಿ ಮಾಡಿ ಕಾಕಾನ ಖಾತೆಗೆ ಹಾಕಿದರು. ಉಳಿದ 50,000 ಕಡಲೆ ರಾಶಿ ಆದ ಮೇಲೆ ಅಂದಿದ್ದಾರೆ.

ಆಧಾರ್‌ಗೆ ಪಾಸ್‌ಪೋರ್ಟ್ ಕೊಟ್ಟು ಬಂದೆ, ಚೀಟಿ ಕೊಟ್ಟಿದ್ದಾರೆ. ಎಸ್‌ಬಿ ಖಾತೆ ಎನ್‌ಆರ್‌ಒ ಆಯಿತು. ಪ್ಯಾನ್ ಇನ್ನೂ ಎದ್ದಿಲ್ಲ, ಎರಡನೇ ಸಲ ಬರೆದಿದ್ದೇನೆ.

ಹೊರಡುವ ಹಿಂದಿನ ದಿನ ಕಾಕಾ ಸೋಲಾಪುರ ರಸ್ತೆ ಕಡೆ ಇನ್ನೊಂದು ನೋಡಿದ್ದಾರೆ. ಈ ಸಲ ಖಂಡಿತ ಎನ್.ಎ. ಆಗಿದೆಯಂತೆ.

ನಿವೃತ್ತ ತಲಾಟಿ

ಆದೇಶದ ಪ್ರತಿ ಕಳಿಸು. ಉತಾರನೂ.